ಕಂಬ ವಾಲಿದೆ ಎಂದು ಬರೆಯುವುದು ಹೇಗೆ?

ಎಂಜಿನಿಯರುಗಳಿಗೆ ಮಾತು ಬರುವುದಿಲ್ಲ ಎನ್ನುವವರು ಅವರ ಜೊತೆ ಒಂದು ಸಲವೂ ಟೀ ಕುಡಿದವರಲ್ಲ. ರಾತ್ರಿ ಯಾವ ಸರ್ವರ್ ಮಲಗಿತು, ಅದನ್ನು ಮಲಗಿಸಿದ ಮಹಾನುಭಾವ ಯಾರು, ಎಬ್ಬಿಸುವುದಕ್ಕೆ ಯಾರ ಯಾರ ನಿದ್ದೆ ಕೆಡಿಸಬೇಕಾಯಿತು ಎಂಬುದನ್ನು ಅವರು ಕ್ಯಾಂಟೀನಿನಲ್ಲಿ ನಿಂತು ವರ್ಣಿಸುವುದನ್ನು ಕೇಳಬೇಕು. ಕಥೆಗೆ ಆದಿ ಇರುತ್ತದೆ, ಅಂತ್ಯ ಇರುತ್ತದೆ, ನಡುವೆ ಒಬ್ಬ ಖಳನಾಯಕನೂ ಇರುತ್ತಾನೆ. ಅದೇ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ, 'ಈಗ ಹೇಳಿದೆಯಲ್ಲ, ಅದನ್ನೇ ಬರೆದುಕೊಡಪ್ಪ' ಎಂದರೆ ಕೈಗೆ ಬರುವುದು ಇಷ್ಟು: 'ಅನಿವಾರ್ಯ ಕಾರಣಗಳಿಂದ ಸೇವೆಯಲ್ಲಿ ವ್ಯತ್ಯಯ ಉಂಟಾಗಿದ್ದು, ಸೂಕ್ತ ಕ್ರಮ ಕೈಗೊಳ್ಳಲಾಗಿದೆ.' ಖಳನಾಯಕ ಮಾಯ. ಸರ್ವರ್ ಕೂಡ ಮಾಯ.

ಇಂಥ ವಾಕ್ಯಗಳನ್ನು ತಿದ್ದುವುದೇ ನನ್ನ ಹೊಟ್ಟೆಪಾಡು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಕ್ನಿಕಲ್ ರೈಟರ್. ನೆಂಟರಿಗೆ ಇದನ್ನು ವಿವರಿಸುವುದು ಕಷ್ಟ.

'ಕೋಡ್ ಬರೀತೀರಾ?'

'ಇಲ್ಲ.'

'ಟೆಸ್ಟಿಂಗಾ?'

'ಅದೂ ಅಲ್ಲ. ಎಂಜಿನಿಯರುಗಳು ಬರೆದದ್ದನ್ನ ಓದ್ತೀನಿ.'

ಅಲ್ಲಿಗೆ ಮಾತು ನಿಲ್ಲುತ್ತದೆ. 'ಅಯ್ಯೋ ಪಾಪ' ಎನ್ನುವ ನೋಟವೊಂದು ಬೀಳುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸಕ್ಕಿಂತ ಮೊದಲು ಈ ನೋಟವನ್ನು ನಾನು ಎಷ್ಟೋ ಸಲ ಉಂಡಿದ್ದೇನೆ.

ಬರೆಯಲು ಕೂತರೆ ಮಾತು ಮಾಯವಾಗುವುದು ಕಂಪ್ಯೂಟರಿನವರಿಗೆ ಮಾತ್ರ ಅಂಟಿದ ರೋಗವಲ್ಲ. ನಮ್ಮ ಅಕ್ಕನ ಯಜಮಾನರು ಮಲೆನಾಡಿನ ವಿದ್ಯುತ್ ಕಚೇರಿಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಮಾತಿನಲ್ಲಿ ಮಹಾ ಚುರುಕು. ಹಳೆಯ ಕಡತಗಳ ನಕಲನ್ನು ಅವರು ಮದುವೆ ಆಲ್ಬಮ್ಮಿಗಿಂತ ಜೋಪಾನವಾಗಿ ಇಟ್ಟಿದ್ದಾರೆ. ಅವರು ಮೇಲಧಿಕಾರಿಗೆ ಬರೆದ ಒಂದು ಪತ್ರ ನನಗೆ ಹೆಚ್ಚುಕಡಿಮೆ ಬಾಯಿಪಾಠವಾಗಿದೆ: 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖ (1) ಮತ್ತು (2)ರ ಪತ್ರಗಳನ್ನು ಅವಗಾಹಿಸುವುದು. ಸದರಿ ಶಾಖಾ ವ್ಯಾಪ್ತಿಯಲ್ಲಿ ಪ್ರಸಕ್ತ ಸಾಲಿನ ಮುಂಗಾರು ಮಳೆಯು ವಾಡಿಕೆಗಿಂತ ಅಧಿಕವಾಗಿದ್ದು, ಮಣ್ಣಿನ ತೇವಾಂಶದಲ್ಲಿ ಉಂಟಾದ ಏರಿಕೆಯ ಪರಿಣಾಮವಾಗಿ ಸದರಿ ಕಂಬವು ಲಂಬ ಸ್ಥಿತಿಯಿಂದ ಗಣನೀಯವಾಗಿ ವಿಚಲಿತಗೊಂಡಿರುವುದು ಕಂಡುಬಂದಿರುತ್ತದೆ. ಮುಂದಿನ ಸೂಕ್ತ ಕ್ರಮಕ್ಕಾಗಿ ತಮ್ಮ ಅವಗಾಹನೆಗೆ ಸಲ್ಲಿಸಲಾಗಿದೆ.'

ಈ ಪತ್ರಕ್ಕೆ ಮೂಲ ಲೈನ್‌ಮನ್ ಮಾಡಿದ ಒಂದು ಫೋನು: 'ಸಾರ್, ಶಾಲೆ ಹತ್ರದ ಕಂಬ ಬೀಳ್ತದೆ. ಬೇಗ ಲೈನ್ ಆಫ್ ಮಾಡ್ಸಿ.'

ಏನಾಗಿದೆ, ಎಲ್ಲಿ, ಏನು ಮಾಡಬೇಕು, ಎಷ್ಟು ಬೇಗ. ಬಿಟ್ಟದ್ದು ಏನೂ ಇಲ್ಲ. 'ಇದನ್ನೇ ಬರೆಯಬಹುದಿತ್ತಲ್ಲ ಭಾವ?' ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. 'ಕಂಬ ವಾಲಿದೆ ಅಂತ ಬರೆದ್ರೆ, ವಾಲೋ ತನಕ ನೀನೇನು ಮಾಡ್ತಿದ್ದೆ ಅಂತ ಕೇಳ್ತಾರೆ ಕಣಯ್ಯ. ವಿಚಲಿತಗೊಂಡಿರುವುದು ಕಂಡುಬಂದಿರುತ್ತದೆ ಅಂತ ಬರಿ, ಯಾರೂ ಕೇಳೋದಿಲ್ಲ. ಮೂರನೇ ಸಾಲಿಗೆ ಬರೋ ಹೊತ್ತಿಗೆ ಅವರೇ ವಿಚಲಿತಗೊಂಡಿರ್ತಾರೆ.'

ಅಂದರೆ ಅದು ತಿಳಿಸುವುದಕ್ಕೆ ಬರೆದ ಪತ್ರವೇ ಅಲ್ಲ. ನಾಳೆ ಏನಾದರೂ ಆದರೆ 'ನಾನು ಬರೆದಿದ್ದೆ' ಎನ್ನುವುದಕ್ಕೆ ಬರೆದದ್ದು.

ತಮಾಷೆಯೆಂದರೆ, ಅದೇ ಭಾವನ ಲೋಕದಲ್ಲಿ ಇನ್ನೊಂದು ಬಗೆಯ ಬರವಣಿಗೆಯೂ ಇತ್ತು. ಲೈನ್‌ಮನ್ ಕಂಬ ಹತ್ತುವ ಮೊದಲು ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆಯಬೇಕು. ಅವರ ಬಾಯಲ್ಲಿ ಅದು ಎಲ್‌ಸಿ. ಯಾವ ಫೀಡರ್, ಎಲ್‌ಸಿ ತೆಗೆದುಕೊಂಡವರ ಹೆಸರು, ಎಷ್ಟು ಗಂಟೆ ಎಷ್ಟು ನಿಮಿಷ ಎಂಬುದೆಲ್ಲ ಪುಸ್ತಕದಲ್ಲಿ ದಾಖಲಾಗುತ್ತದೆ. ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ ಅದನ್ನು ಹಿಂದಿರುಗಿಸಬೇಕು. ಅಲ್ಲಿಯವರೆಗೆ ಊರಿನ ಗಣ್ಯರೆಲ್ಲ ಸಾಲಾಗಿ ಫೋನ್ ಮಾಡಿದರೂ ಲೈನಿಗೆ ಕರೆಂಟು ಬಿಡುವ ಹಾಗಿಲ್ಲ. ಆ ಪುಸ್ತಕದಲ್ಲಿ 'ಕೋರಲಾಗಿದೆ', 'ಕಂಡುಬಂದಿರುತ್ತದೆ' ಎಂಬ ಮಾತುಗಳಿಗೆ ಜಾಗವಿಲ್ಲ. 'ಎಲ್‌ಸಿ ಪಡೆಯಲಾಗಿದೆ' ಎಂದು ಬರೆದರೆ ಯಾರು ಪಡೆದದ್ದು? ಕಂಬದ ಮೇಲೆ ಇರುವವನು ಯಾರು? ಅಲ್ಲಿ ವ್ಯಾಕರಣ ತಪ್ಪಿದರೆ ಒಂದು ಮನೆಯ ದೀಪ ಆರುತ್ತದೆ. ಭಾವನಿಗೂ ಅವರ ಸಿಬ್ಬಂದಿಗೂ ನೇರವಾಗಿ ಬರೆಯಲು ಬರುತ್ತಿತ್ತು ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ. ಬರೆದದ್ದನ್ನು ಒಬ್ಬ ಮನುಷ್ಯ ನಿಜವಾಗಿ ಓದುತ್ತಾನೆ ಎಂಬ ಖಾತ್ರಿ ಅವರಿಗೆ ಇದ್ದದ್ದು ಅಲ್ಲಿ ಮಾತ್ರ.

ಆ ಖಾತ್ರಿ ಎಲ್ಲಿ ಕಳೆದುಹೋಗುತ್ತದೆ ಎಂಬ ಬಗ್ಗೆ ನನಗೆ ಸಂಶಯವಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ರೆಕಾರ್ಡಿನಲ್ಲಿ. ಒಂದು ಮಗ್ಗುಲಿಗೆ ಗೆರೆ ಹಾಕಿದ ಹಾಳೆ, ಇನ್ನೊಂದಕ್ಕೆ ಪೆನ್ಸಿಲ್ ಚಿತ್ರದ ಬಿಳಿ ಹಾಳೆ. ಉದ್ದೇಶ, ಉಪಕರಣ, ಸಿದ್ಧಾಂತ, ವಿಧಾನ, ಕೋಷ್ಟಕ, ಫಲಿತಾಂಶ. ಇದನ್ನು ಹುಡುಗ ಪ್ರಯೋಗ ನೋಡಿ ಬರೆಯುವುದಿಲ್ಲ, ಸೀನಿಯರಿನ ರೆಕಾರ್ಡ್ ನೋಡಿ ಬರೆಯುತ್ತಾನೆ. ಆ ಸೀನಿಯರ್ ತನ್ನ ಸೀನಿಯರಿನದನ್ನು ನೋಡಿದವನು. ವೋಲ್ಟ್‌ಮೀಟರಿನ ಒಂದು ರೀಡಿಂಗು ಗೋತ್ರದ ಹಾಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಮೂಲ ಋಷಿ ಯಾರೋ ಯಾರಿಗೂ ಗೊತ್ತಿಲ್ಲ. ತಿದ್ದುವ ಮೇಷ್ಟ್ರಾದರೂ ಓದುತ್ತಾರೆಯೇ? ಮೇಜಿನ ತುಂಬ ರೆಕಾರ್ಡುಗಳ ರಾಶಿ. ಕೆಂಪು ಶಾಯಿಯಲ್ಲಿ ಸಹಿ, ತಾರೀಖು, ನೆಕ್ಸ್ಟ್. ಪರೀಕ್ಷೆಯ ಕಥೆಯೂ ಇದೇ. ಹತ್ತು ಅಂಕದ ಪ್ರಶ್ನೆಗೆ ಇಷ್ಟು ಪುಟ ತುಂಬಿಸಲೇಬೇಕು ಎಂಬುದು ಹಾಸ್ಟೆಲಿನ ಶಾಸನ. ಉತ್ತರ ಅರ್ಧ ಪುಟಕ್ಕೆ ಮುಗಿದರೆ ಮಿಕ್ಕದ್ದಕ್ಕೆ ಪೀಠಿಕೆ ಬರೆಯುತ್ತಾರೆ, ಉತ್ತರ ಮುಗಿದ ಮೇಲೂ ಪೀಠಿಕೆ ಬರೆಯುತ್ತಾರೆ. ನಾಲ್ಕು ವರ್ಷ ಹೀಗೆ ಓದದ ಓದುಗನಿಗಾಗಿ ಬರೆದು ಪಳಗಿದ ಕೈಗೆ, 'ಇನ್ನು ಮುಂದೆ ಓದುವವರಿದ್ದಾರೆ' ಎಂದರೆ ಅದು ನಂಬುವುದಾದರೂ ಹೇಗೆ?

ನಮ್ಮ ಹುಡುಗರು ಬರೆಯುವ ಇಂಗ್ಲಿಷಿನಲ್ಲಿ ನಾನು ಅತಿ ಹೆಚ್ಚು ಹೆದರುವ ಪದ 'ಜಸ್ಟ್'. 'ಜಸ್ಟ್ ಇನ್‌ಸ್ಟಾಲ್ ದಿ ಏಜೆಂಟ್' ಎಂದು ಬರೆದಿದ್ದರೆ ಆ ಮಧ್ಯಾಹ್ನ ಹೋಯಿತು ಎಂದೇ ಲೆಕ್ಕ. 'ಆಬ್ವಿಯಸ್ಲಿ' ಎಂದಿದ್ದರೆ ಮರುದಿನವೂ ಹೋಯಿತು. ಇನ್ನು ಕೆಲವರು ತನಿಖಾ ಕಾದಂಬರಿಯ ದಾರಿ ಹಿಡಿಯುತ್ತಾರೆ: ಮೊದಲು ಇದನ್ನು ಮಾಡಿ ನೋಡಿದೆ, ಆಗಲಿಲ್ಲ, ಆಮೇಲೆ ಅದನ್ನು ಶಂಕಿಸಿದೆ, ಅದು ನಿರಪರಾಧಿ ಎಂದು ತಿಳಿಯಿತು... ಅಪರಾಧಿ ಸಿಕ್ಕುವುದು ಒಂಬತ್ತನೆಯ ಪುಟದಲ್ಲಿ. ಓದುವವನಿಗೆ ಬೇಕಾದದ್ದು ಅದೊಂದೇ, ಅದೂ ಮೊದಲನೆಯ ಸಾಲಿನಲ್ಲಿ.

ಮುಖ್ಯವಾದದ್ದನ್ನು ಕೊನೆಗೆ ಇಡುವ ಈ ಚಾಳಿಯ ಬಗ್ಗೆ ತಮಾಷೆ ಮಾಡುತ್ತ ಮಾಡುತ್ತ ನಾನು ತರಬೇತಿಯಲ್ಲಿ ಒಂದು ಸ್ಲೈಡ್ ತೋರಿಸುತ್ತೇನೆ. ಅದನ್ನು ನೋಡಿ ಯಾರೂ ನಗುವುದಿಲ್ಲ. 2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರಿದಾಗ ಇಂಧನ ತೊಟ್ಟಿಯಿಂದ ಕಳಚಿದ ಫೋಮಿನ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ಅಪಾಯವೆಷ್ಟು ಎಂದು ಬೋಯಿಂಗ್ ಎಂಜಿನಿಯರುಗಳು ಲೆಕ್ಕ ಹಾಕಿ ನಾಸಾಕ್ಕೆ ಸ್ಲೈಡುಗಳಲ್ಲಿ ಒಪ್ಪಿಸಿದರು. ನಾನು ತೋರಿಸುವುದು ಅವುಗಳಲ್ಲಿ ಒಂದನ್ನು. ಅದರ ತಲೆಬರಹ ಓದಿದರೆ ಭಯಪಡುವಂಥದ್ದೇನೂ ಇಲ್ಲ ಎನ್ನಿಸುತ್ತದೆ. ಕೆಳಗೆ ಅಂಶ, ಉಪಾಂಶ, ಉಪಾಂಶಕ್ಕೊಂದು ಮರಿ ಅಂಶ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ: ಬಡಿದ ತುಂಡಿನ ಗಾತ್ರ 1920 ಘನ ಅಂಗುಲ, ಪರೀಕ್ಷೆ ಮಾಡಿದ ತುಂಡಿನದು 3. ಅಂದರೆ ಕೈಯಲ್ಲಿದ್ದ ಪರೀಕ್ಷೆಯ ಫಲಿತಾಂಶಕ್ಕೂ ನಡೆದ ಘಟನೆಗೂ 640 ಪಟ್ಟು ಅಂತರ. ಇದು ತಲೆಬರಹದಲ್ಲಿ ಇರಬೇಕಾದ ಮಾತು. ಫೆಬ್ರುವರಿ 1ರಂದು ನೌಕೆ ಮರಳುವಾಗ ಒಡೆದು ಚೂರಾಯಿತು. ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹೋದರು. ಬರೆದ ರೀತಿಯಿಂದಲೇ ನೌಕೆ ಬಿತ್ತು ಎನ್ನಲಾಗದು. ಆದರೆ ಅದೇ ವರ್ಷ ಆಗಸ್ಟಿನಲ್ಲಿ ಹೊರಬಂದ ತನಿಖಾ ಮಂಡಳಿಯ ವರದಿ ಈ ಸ್ಲೈಡನ್ನೂ ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಅದಕ್ಕೆ ಮಾಡಿದ ಟೀಕೆಯನ್ನೂ ಅಚ್ಚು ಹಾಕಿತು.

ವಿಮಾನ ರಿಪೇರಿಯವರಿಗೆ ಈ ಬುದ್ಧಿ ಅದಕ್ಕಿಂತ ಮೊದಲೇ ಬಂದಿತ್ತು. ಕೈಪಿಡಿ ಇಂಗ್ಲಿಷಿನಲ್ಲಿ, ಸ್ಪ್ಯಾನರ್ ಹಿಡಿದವನ ತಾಯ್ನುಡಿ ಇನ್ನೊಂದು. ಹಾಗಾಗಿ ಯುರೋಪಿನ ವಿಮಾನೋದ್ಯಮ 1986ರಲ್ಲಿ ಸರಳ ಇಂಗ್ಲಿಷಿಗೆಂದೇ ಒಂದು ನಿಯಮಾವಳಿ ತಂದಿತು. ಇವತ್ತಿಗೂ ಅದು ಪರಿಷ್ಕರಣೆಗೊಳ್ಳುತ್ತ ಬಳಕೆಯಲ್ಲಿದೆ. ಸೂಚನೆಯ ವಾಕ್ಯ 20 ಪದ ಮೀರಬಾರದು. ಒಂದು ವಾಕ್ಯದಲ್ಲಿ ಒಂದೇ ಕೆಲಸ ಹೇಳಬೇಕು. ಎಚ್ಚರಿಕೆ ಕೊಡುವುದಿದ್ದರೆ ಕೆಲಸಕ್ಕೆ ಮೊದಲೇ ಕೊಡಬೇಕು, ಏಳನೆಯ ಹೆಜ್ಜೆಯಲ್ಲಿ ತಂತಿ ಎಳೆಸಿ ಎಂಟನೆಯದರಲ್ಲಿ 'ವಿ.ಸೂ.: ಕರೆಂಟು ತೆಗೆದಿರಬೇಕು' ಎನ್ನಬಾರದು. ಷರತ್ತು ಇದ್ದರೆ ಅದು ವಾಕ್ಯದ ಮುಂದಿರಬೇಕು.

ಈ ಕೊನೆಯದನ್ನು ಓದಿ ನನಗೆ ನಗು ಬಂತು. 'ಮುಚ್ಚಳ ತೆಗೆಯಿರಿ' ಎಂದು ಶುರುಮಾಡಿ 'ಪವರ್ ಆಫ್ ಮಾಡಿದ ಮೇಲೆ' ಎಂದು ಮುಗಿಸುವ ಸೌಲಭ್ಯ ಇಂಗ್ಲಿಷಿಗೆ ಇದೆ. ಕಣ್ಣು ಎರಡನೆಯ ಭಾಗಕ್ಕೆ ಬರುವ ಮೊದಲೇ ಕೈ ಮುಚ್ಚಳದ ಒಳಗಿರುತ್ತದೆ. ಕನ್ನಡದಲ್ಲಿ ಸಹಜವಾಗಿ ಬಾಯಿಗೆ ಬರುವುದು 'ಪವರ್ ಆಫ್ ಮಾಡಿದ ಮೇಲೆ ಮುಚ್ಚಳ ತೆಗೀರಿ' ಎಂದೇ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಅಪ್ಪಣೆ ಹೊರಡುವಷ್ಟರಲ್ಲಿ ಷರತ್ತು ಮುಗಿದಿರುತ್ತದೆ. ಆದ್ದರಿಂದ ನಮ್ಮ ಹುಡುಗರಿಗೆ ನಾನು ಹೇಳುವುದು: ಸೂಚನೆಯನ್ನು ಮೊದಲು ಕನ್ನಡದಲ್ಲಿ ಗೊಣಗಿಕೊಳ್ಳಿ, ಆಮೇಲೆ ಅದೇ ಸರತಿಯಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ. ಒಂದು ಸಭೆಯಲ್ಲಿ ಇದನ್ನು ಹೇಳಿದಾಗ ದಾವಣಗೆರೆಯ ಹುಡುಗಿಯೊಬ್ಬಳು ತಕ್ಷಣ ಹಿಡಿದಳು. ದೆಹಲಿಯ ಹುಡುಗನೂ ಹಿಂದಿಯಲ್ಲೂ ಹಾಗೇ ಅಲ್ಲವೇ ಎಂದು ತಲೆಯಾಡಿಸಿದ. ಬೆಂಗಳೂರಿನಲ್ಲಿ ಭಾಷೆಯ ವಿಷಯ ಎತ್ತಿಯೂ ಜಗಳವಿಲ್ಲದೆ ಮುಗಿದ ಅಪರೂಪದ ಸಭೆ ಅದು.

ಸುಧಾರಣೆಯ ಪ್ರಯತ್ನಗಳು ಮೇಲಿನಿಂದಲೂ ನಡೆಯುತ್ತವೆ. 2004ರಲ್ಲಿ ಅಮೆಜಾನಿನ ಜೆಫ್ ಬೆಜೋಸ್ ತಮ್ಮ ಹಿರಿಯರ ಸಭೆಗಳಲ್ಲಿ ಪವರ್‌ಪಾಯಿಂಟ್ ಬೇಡ, ವಾಕ್ಯಗಳಲ್ಲಿ ಬರೆದು ತನ್ನಿ ಎಂದರು. ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಅದನ್ನು ಓದುವ ಪದ್ಧತಿ ಅಲ್ಲಿ ಬೆಳೆಯಿತು. ನಮ್ಮ ಮ್ಯಾನೇಜರಿಗೆ ಈ ಸುದ್ದಿ ಸ್ವಲ್ಪ ತಡವಾಗಿ ತಲುಪಿತು. ಅವರೂ ಆರು ಪುಟ ಬರೆಸಿ ಹಂಚಿದರು. ಮೌನ ಮಾತ್ರ ಪರಿಪೂರ್ಣವಾಗಿತ್ತು; ಹಾಳೆಯ ಕೆಳಗೆ ಎಲ್ಲರ ಫೋನೂ ಬೆಳಗುತ್ತಿತ್ತು.

ನಾನು ನೆಚ್ಚಿಕೊಂಡಿರುವುದು ಫೋನನ್ನೇ. ನಮ್ಮಲ್ಲಿ ಒಬ್ಬ ಮಂಡ್ಯದ ಹುಡುಗ, ಕೆಲಸದಲ್ಲಿ ಗಟ್ಟಿಗ. ಸರ್ವಿಸ್ ಬಿದ್ದರೆ ಏನು ಮಾಡಬೇಕೆಂದು ಹನ್ನೊಂದು ಪುಟ ಬರೆದು ಕಳಿಸಿದ. ಓದುವ ಬದಲು ಅವನಿಗೆ ಫೋನ್ ಮಾಡಿದೆ. 'ಈಗ ರಾತ್ರಿ ಮೂರು ಗಂಟೆ ಅಂತ ತಿಳ್ಕೊ. ಹೋದ ವಾರ ಸೇರಿದ ಹುಡುಗಿ ಡ್ಯೂಟಿಯಲ್ಲಿದ್ದಾಳೆ. ಎಲ್ಲ ಬಿದ್ದಿದೆ. ನೀನು ಊರಲ್ಲಿದ್ದೀಯ, ಫೋನಲ್ಲಿ ಚಾರ್ಜ್ ಮುಗೀತಾ ಬಂದಿದೆ. ಹೇಳು.'

ಒಂದು ಕ್ಷಣವೂ ತಡವರಿಸಲಿಲ್ಲ. 'ಮೊದ್ಲು ಡಿಸ್ಕ್ ತುಂಬಿದೆಯಾ ನೋಡಮ್ಮ. ತುಂಬಿದ್ರೆ ಹಳೇ ಲಾಗ್ ಫೈಲ್‌ಗಳನ್ನ ಬೇರೆ ಕಡೆ ಹಾಕು, ಡಿಲೀಟ್ ಮಾಡ್ಬೇಡ. ಆಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡು. ಏನೇ ಆದ್ರೂ ಡೇಟಾಬೇಸ್ ಮುಟ್ಬೇಡ. ಹತ್ತು ನಿಮಿಷದಲ್ಲಿ ಏಳಲಿಲ್ಲ ಅಂದ್ರೆ ನಮ್ಮ ಲೀಡ್‌ಗೆ ಫೋನ್ ಮಾಡು.'

ಷರತ್ತು ಮುಂದೆ, ಎಚ್ಚರಿಕೆ ಅದರದೇ ಜಾಗದಲ್ಲಿ, ಕೊನೆಗೆ ಯಾರನ್ನು ಕರೆಯಬೇಕೆಂಬ ವಿವರ. ಯುರೋಪಿನ ನಿಯಮಾವಳಿಯನ್ನು ಅವನು ಕಣ್ಣಿಂದಲೂ ನೋಡಿಲ್ಲ. ಬರೆದುಕೊಂಡೆ. ಆಮೇಲೆ ಅವನ ಹನ್ನೊಂದು ಪುಟವನ್ನೂ ತಡಕಿದೆ. ಡೇಟಾಬೇಸ್ ಮುಟ್ಟಬೇಡಿ ಎಂಬ ಮಾತು ಎಲ್ಲೂ ಇರಲಿಲ್ಲ. ಕೇಳಿದರೆ, 'ಅದು ಎಲ್ರಿಗೂ ಗೊತ್ತಿರುತ್ತಲ್ಲ ಸಾರ್?' ಎಂದ. ಹಾಗಾದರೆ ಆ ಹುಡುಗಿಗೆ ಯಾಕೆ ಹೇಳಿದೆ? 'ಅವಳಿಗೆ ಗೊತ್ತಿಲ್ವಲ್ಲ.' ನನ್ನ ಸಂಬಳಕ್ಕೆ ಆಧಾರವಾಗಿರುವುದು ಈ 'ಎಲ್ಲರೂ' ಮತ್ತು 'ಅವಳು' ನಡುವಿನ ಅಂತರವೇ.

ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ. ವಿಶ್ವೇಶ್ವರಯ್ಯನವರ ಜನ್ಮದಿನ. ಅವರು 1951ರಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕಕ್ಕೆ ಇಟ್ಟ ಹೆಸರು 'ನನ್ನ ವೃತ್ತಿಜೀವನದ ನೆನಪುಗಳು' ಎಂಬ ಅರ್ಥದ್ದು. ಒಳಗೆ ಇರುವುದೂ ಮುಖ್ಯವಾಗಿ ಅದೇ. ಹೆಸರಿಗೂ ಹೂರಣಕ್ಕೂ ಇಂಥ ಹೊಂದಾಣಿಕೆ ನಮ್ಮ ಕಂಪನಿಯ ಒಂದು ಕಡತದಲ್ಲೂ ನಾನು ಕಂಡಿಲ್ಲ. ಆ ದಿನಕ್ಕೆ ಒಂದು ಎಂಜಿನಿಯರಿಂಗ್ ಕಾಲೇಜಿನವರು 'ಸ್ಪಷ್ಟ ತಾಂತ್ರಿಕ ಬರವಣಿಗೆ' ಕುರಿತು ಮಾತನಾಡಲು ನನ್ನನ್ನು ಕರೆದಿದ್ದಾರೆ. ಆಹ್ವಾನ ಎರಡು ಪುಟ ಇದೆ. ಆಡಳಿತ ಮಂಡಳಿಯ ಅಷ್ಟೂ ಜನರ ಪದವಿಗಳಿವೆ. ಕಾರ್ಯಕ್ರಮ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಇಲ್ಲ. ಕೇಳಿ ಮೇಲ್ ಬರೆದೆ. 'ಸದರಿ ಮಾಹಿತಿಯನ್ನು ಪರಿಶೀಲಿಸಿ ತಿಳಿಸಲಾಗುವುದು' ಎಂದು ಉತ್ತರ ಬಂತು. ನಿನ್ನೆ ಸಂಜೆ ಕಾಲೇಜಿನ ಡ್ರೈವರ್ ಫೋನ್ ಮಾಡಿದರು: 'ಸಾರ್, ಸಿವಿಲ್ ಬ್ಲಾಕ್ ಸೆಮಿನಾರ್ ಹಾಲು, ಎರಡನೇ ಮಹಡಿ, ಲಿಫ್ಟ್ ಕೆಟ್ಟಿದೆ. ಪ್ರೋಗ್ರಾಂ ಹನ್ನೊಂದಕ್ಕೆ. ಒಂಬತ್ತೂವರೆಗೆ ನಿಮ್ಮ ಮನೆ ಹತ್ರ ಬರ್ತೀನಿ.' ಅಂದಿನ ಭಾಷಣವನ್ನು ಅವರಿಂದಲೇ ಮಾಡಿಸುವುದು ಒಳ್ಳೆಯದು.