ಬ್ರೇಕ್ ಒತ್ತಿದರೆ ಇಂಡಿಕೇಟರ್

ಹಳೆ ಅಂಬಾಸಿಡರ್ ಇಟ್ಟುಕೊಂಡವನಿಗೆ ನೆಂಟರಿಗಿಂತ ಸಲಹೆಗಾರರು ಜಾಸ್ತಿ. ದಾವಣಗೆರೆಯ ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ಬೆಳಗಿನ ವಾಕಿಂಗಿಗೆ ಹೊರಟವರು ಸಾಮಾನ್ಯವಾಗಿ ಎಲ್ಲೂ ನಿಲ್ಲುವುದಿಲ್ಲ. ನಿಲ್ಲದೆ ನಡೆಯಿರಿ ಎಂದು ಡಾಕ್ಟರು ಹೇಳಿರುತ್ತಾರೆ. ಆದರೆ ಎತ್ತಿದ ಬಾನೆಟ್ ಕಂಡರೆ ಡಾಕ್ಟರ ಮಾತು ಅಲ್ಲಿಗೆ ಮುಗಿಯಿತು. ಒಬ್ಬರು ಒಳಗೆ ಇಣುಕಿ “ಬ್ಯಾಟರಿ ಡೌನ್ ಆಗೇತ್ರಿ” ಅನ್ನುತ್ತಾರೆ. ಇನ್ನೊಬ್ಬರು ಇಣುಕದೆಯೇ “ಎಲ್ಲೋ ಶಾರ್ಟ್ ಆಗ್ತೈತಿ” ಅನ್ನುತ್ತಾರೆ. ಮೂರನೆಯವರು ಹಿತೈಷಿಗಳು. “ಇನ್ನೂ ಯಾಕ್ ಇಟ್ಕೊಂಡೀರ್ರಿ ಇದನ್ನ, ಕೊಟ್ಟು ಕೈ ತೊಳ್ಕೊಳ್ರಿ” ಎಂದು ಹೇಳಿ, ತಮ್ಮ ಮಗ ಕೊಡಿಸಿದ ಹೊಸ ಕಾರಿನ ಮೈಲೇಜಿನ ಸುದ್ದಿಗೆ ಬರುತ್ತಾರೆ.

ನಮ್ಮದು ಮಾರ್ಕ್ 4, ಅಪ್ಪ ಕೊಂಡಿದ್ದು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮೊದಲಿನ ಕಾರಾದ್ದರಿಂದ ಅದರ ಮೂಲ ಕಾಗದಪತ್ರವೆಲ್ಲ ಚಿತ್ರದುರ್ಗದ್ದು. ಬಡಾವಣೆಗೆ ಹೆಸರು ಕೊಟ್ಟ ನಿಜಲಿಂಗಪ್ಪನವರೂ ದುರ್ಗದಲ್ಲೇ ವಕೀಲಿ ಮಾಡಿ ಮುಖ್ಯಮಂತ್ರಿಯಾದವರು. ಹಾಗಾಗಿ ಇಲ್ಲಿ ನಿಲ್ಲಲು ನಮಗಿಂತ ಹೆಚ್ಚಿನ ಹಕ್ಕು ಕಾರಿಗೇ ಇದೆ ಎಂಬುದು ನನ್ನ ವಾದ. ಮನೆಯಲ್ಲಿ ಈ ವಾದ ನಡೆಯುವುದಿಲ್ಲ.

ತೊಂದರೆ ಶುರುವಾದದ್ದು ಅಣ್ಣನ ಮಗಳ ಮದುವೆಗೆ. ಮದುಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರು ಲಕ್ಷಣವಾಗಿರಲಿ ಎಂದು ಹೊಸದಾಗಿ ಬಿಳಿ ಬಣ್ಣ ಹೊಡೆಸಿದೆವು. ಬಣ್ಣವೇನೋ ಚೆನ್ನಾಗಿಯೇ ಬಂತು. ಆದರೆ ಮೆರವಣಿಗೆಯಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನ ಬಲಗಡೆಯ ಕೆಂಪು ದೀಪ ಉರಿಯುವ ಬದಲು ಮುಂದಿನ ಬಲಗಡೆಯ ಇಂಡಿಕೇಟರ್ ಮಂಕಾಗಿ ಹತ್ತಿಕೊಳ್ಳುತ್ತಿತ್ತು. ಜೊತೆಗೆ ಪಾರ್ಕಿಂಗ್ ದೀಪಗಳೂ ಅಷ್ಟಿಷ್ಟು ಕಣ್ಣು ಬಿಡುತ್ತಿದ್ದವು. ಮದುವೆಯ ಕಾರಲ್ಲವೇ, ಇದೂ ಒಂದು ಅಲಂಕಾರ ಎಂದುಕೊಂಡು ಬೀಗರು ಮೆಚ್ಚಿದರು.

ಅಂಬಾಸಿಡರಿನ ಲೂಕಾಸ್ ಪದ್ಧತಿಯ ವೈರಿಂಗಿನಲ್ಲಿ ಬಣ್ಣಗಳಿಗೆ ಒಂದು ಶಿಸ್ತಿದೆ. ಕಂದು ವೈರು ನೇರ ಬ್ಯಾಟರಿಯಿಂದ ಬರುವುದು, ಬಿಳಿ ಇಗ್ನಿಷನ್ನಿಗೆ, ಹಸಿರು ಇಗ್ನಿಷನ್ ಮತ್ತು ಫ್ಯೂಜು ದಾಟಿ ಬಂದದ್ದು, ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ದೀಪಕ್ಕೆ, ಕಪ್ಪು ಅರ್ತ್. ಇಷ್ಟು ತಿಳಿದಿದ್ದರೆ ಕುರುಡನೂ ರಿಪೇರಿ ಮಾಡಬಹುದು ಎಂದುಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರೆ ಕಾಣುವುದೇ ಬೇರೆ. ಕಂದಾಗಿ ಹೊರಟ ವೈರು ಟೇಪಿನ ಗಂಟೊಂದರಲ್ಲಿ ಮುಳುಗಿ ಹಳದಿಯಾಗಿ ಏಳುತ್ತದೆ. ಆ ಹಳದಿ ಯಾರದೋ ಮನೆಯ ವೈರಿಂಗಿನಲ್ಲಿ ಮಿಕ್ಕಿದ್ದು. ಕಾಲಕಾಲಕ್ಕೆ ಕೈಯಾಡಿಸಿದ ಮೇಸ್ತ್ರಿಗಳೆಲ್ಲ ಕೈಗೆ ಸಿಕ್ಕ ತುಂಡನ್ನು ಜೋಡಿಸಿ ಹೋಗಿದ್ದಾರೆ. ನಿಜಲಿಂಗಪ್ಪನವರು 1969ರಲ್ಲಿ ಕಾಂಗ್ರೆಸ್ಸಿನ ಒಡಕನ್ನು ಅಧ್ಯಕ್ಷರ ಕುರ್ಚಿಯಿಂದಲೇ ಕಂಡವರು. ಯಾವ ವೈರು ಎಲ್ಲಿಂದ ಎಲ್ಲಿಗೆ ಜಿಗಿದಿದೆ ಎಂಬುದನ್ನು ಪತ್ತೆಹಚ್ಚಲು ಅಂಥವರೇ ಬೇಕಿತ್ತು.

ಅಂದಹಾಗೆ, ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಸೀಮೆಎಣ್ಣೆ, ಲಾಂದ್ರ ಮಾರುತ್ತಾ ಮೇಲೆ ಬಂದ ಮನುಷ್ಯ. ಅವನ ಹೆಸರಾಂತ ಸೈಕಲ್ ದೀಪದ ಹೆಸರು ‘ಕಿಂಗ್ ಆಫ್ ದಿ ರೋಡ್’. ಮುಂದೆ ಅವನ ಕಂಪನಿಯ ದೀಪಗಳು ಕೈಕೊಟ್ಟು ಬೇಸತ್ತ ಇಂಗ್ಲಿಷ್ ಕಾರಿನ ಮಾಲೀಕರು ಅವನನ್ನು ‘ಕತ್ತಲೆಯ ರಾಜಕುಮಾರ’ ಎಂದು ಕರೆದರು. ಇದು ಅನ್ಯಾಯ. ಅರ್ಧಕ್ಕಿಂತ ಹೆಚ್ಚು ಕತ್ತಲೆ ಮಾಲೀಕರು ಮತ್ತು ಮೇಸ್ತ್ರಿಗಳ ಸ್ವಂತ ಸಂಪಾದನೆ.

ಕೊನೆಗೆ ನಮ್ಮ ಕೈ ಹಿಡಿದದ್ದು ಪಕ್ಕದ ಬೀದಿಯ ಒಬ್ಬ ಹಿರಿಯರು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1941ರಲ್ಲಿ ಹುಟ್ಟಿ ದೇಶಕ್ಕೆಲ್ಲ ಲೇತ್ ಮಷಿನ್ ಮಾಡಿಕೊಟ್ಟ ಕಾರ್ಖಾನೆ ಅದು, ಈಗ ಮುಚ್ಚಿದೆ. ಅಲ್ಲಿ ಕೈ ಪಳಗಿದವರು ಊಹೆಯ ಮೇಲೆ ಸ್ಪ್ಯಾನರ್ ಎತ್ತುವುದಿಲ್ಲ. ಅವರು ಬಂದಿದ್ದು ಒಂದು ವೋಲ್ಟ್ ಮೀಟರ್, ಎರಡು ವೈರು ಹಿಡಿದು. ಎಲ್ಲರ ಸಲಹೆಗಳನ್ನೂ ನಿಂತು ಕೇಳಿದರು. ಆಮೇಲೆ, “ಕರೆಂಟ್ ಹೋಗೋದನ್ನ ಎಲ್ರೂ ನೋಡ್ತಾರ್ರಿ, ವಾಪಸ್ ಬರೋದನ್ನ ಯಾರೂ ನೋಡಲ್ಲ” ಎಂದು ಕಾರಿನ ಹಿಂದಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು.

ಕಾರಿನಲ್ಲಿ ದೀಪಕ್ಕೆ ಹೋಗಲು ಒಂದು ವೈರು ಇರುತ್ತದೆ, ಬರಲು ತಗಡೇ ದಾರಿ. ಬ್ಯಾಟರಿಯ ಒಂದು ತುದಿಯನ್ನು ಬಾಡಿಗೇ ಬಿಗಿದಿರುತ್ತಾರೆ. ನಮ್ಮದರಲ್ಲಿ ಅದು ಮೈನಸ್. ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡಿನಲ್ಲಿ ಪ್ಲಸ್ಸೇ ಬಾಡಿಗಿತ್ತು. ದೀಪದ ಬಟ್ಟಲು ಸ್ಕ್ರೂಗಳ ಮೂಲಕ ಬಾಡಿಯನ್ನು ಮುಟ್ಟುತ್ತದೆ, ಕರೆಂಟು ಅಲ್ಲಿಂದ ವಾಪಸಾಗುತ್ತದೆ. ಆ ಸ್ಪರ್ಶ ತಪ್ಪಿದರೆ? ಮಂಡಿಪೇಟೆಯ ಸಾಹುಕಾರರನ್ನು ಕೇಳಿ: ಉದ್ರಿ ಕೊಟ್ಟ ದುಡ್ಡು ಸೀದಾ ಬರದಿದ್ದರೆ ಸಾಲಗಾರನ ಅಣ್ಣ, ಭಾವ, ಬೀಗ ಎಲ್ಲರ ಮನೆ ಸುತ್ತಿ, ಅಲ್ಲಲ್ಲಿ ಸೋರಿ, ಅರೆಬರೆಯಾಗಿ ಬರುತ್ತದೆ. ಬ್ರೇಕಿನ ಕರೆಂಟೂ ಹೀಗೆಯೇ ಅದೇ ಬಟ್ಟಲಿನ ಇಂಡಿಕೇಟರ್ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ವೈರು ಹಿಡಿದು ಮುಂದಿನ ಇಂಡಿಕೇಟರಿನವರೆಗೆ ಹೋಗಿ, ಅಲ್ಲಿ ಬಾಡಿ ಸೇರುತ್ತಿತ್ತು. 21 ವ್ಯಾಟಿನ ಮೂರು ತಂತಿಗಳು ಒಂದರ ಹಿಂದೊಂದು 12 ವೋಲ್ಟನ್ನು ಹಂಚಿಕೊಂಡರೆ ಯಾವುದು ತಾನೇ ನೆಟ್ಟಗೆ ಉರಿದೀತು?

ಹಿರಿಯರು ದೀಪದ ಬಟ್ಟಲಿನಿಂದ ಬ್ಯಾಟರಿಯ ಮೈನಸ್ಸಿಗೆ ಒಂದು ಉದ್ದನೆಯ ವೈರು ಹಿಡಿಸಿ, “ಒತ್ರಿ ಬ್ರೇಕು” ಅಂದರು. ಹಿಂದಿನ ಕೆಂಪು ದೀಪ ಝಗ್ಗೆಂದಿತು, ಮುಂದಿನ ಇಂಡಿಕೇಟರ್ ಸುಮ್ಮನಾಯಿತು. ವೈರು ತೆಗೆದು ಅದೇ ಎರಡು ಜಾಗದ ನಡುವೆ ಮೀಟರ್ ಇಟ್ಟು ಮತ್ತೆ ಬ್ರೇಕ್ ಒತ್ತಿಸಿದರು. ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕಾದ ಕಡೆ ಆರು ವೋಲ್ಟ್ ದಾಟಿತ್ತು. ಬಟ್ಟಲು ಬಿಚ್ಚಿದರೆ ಕಳ್ಳ ಸಿಕ್ಕ: ಮದುವೆಯ ಬಿಳಿ ಬಣ್ಣ. ಪೇಂಟರ್ ದೀಪ ಬಿಚ್ಚಿಟ್ಟು, ಅದು ಕೂರುವ ಜಾಗಕ್ಕೂ ಸ್ಕ್ರೂ ತೂತಿನ ಒಳಗೂ ಮನಸಿಟ್ಟು ಬಣ್ಣ ಹೊಡೆದಿದ್ದ. ಅಷ್ಟು ಪ್ರಾಮಾಣಿಕವಾಗಿ ಕೆಲಸ ಮಾಡುವವರು ಈಗ ಅಪರೂಪ. ಸ್ವಲ್ಪ ಮೈಗಳ್ಳನಾಗಿದ್ದರೆ ನಮ್ಮ ದೀಪ ಉರಿಯುತ್ತಿತ್ತು. ಎಮರಿ ಪೇಪರಿನಿಂದ ಕಾಸಿನಗಲ ಬಣ್ಣ ಕೆರೆದು, ತಗಡು ಹೊಳೆದ ಮೇಲೆ ಹಲ್ಲಿನ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಿರಲೆಂದು ಮೇಲೆ ವ್ಯಾಸಲಿನ್ ಸವರಿದರು. ಕೂಲಿ ಕೇಳಲಿಲ್ಲ. ಮಂಡಕ್ಕಿ, ಮೆಣಸಿನಕಾಯಿ ತರಿಸಿದ್ದಕ್ಕೆ ಬೇಡವೆನ್ನಲೂ ಇಲ್ಲ. “ಶಾರ್ಟ್ ಆಗೈತಿ” ಎಂದವರು ಮಾತ್ರ “ನಾನು ಅವತ್ತೇ ಹೇಳಿದ್ದೆ” ಎಂದು ಎರಡು ಮೆಣಸಿನಕಾಯಿ ಹೆಚ್ಚಿಗೆ ತಿಂದರು.

ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿತು. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರು ‘ವಿಂಟೇಜ್’ ಅನ್ನಿಸಿಕೊಂಡು ‘ವಿಎ’ ಅಕ್ಷರಗಳ ನಂಬರ್ ಪ್ಲೇಟ್ ಪಡೆಯಬಹುದು. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮ್ಮದಕ್ಕೆ ಇನ್ನೂ ಅಷ್ಟು ವಯಸ್ಸಾಗಿಲ್ಲ, ನಿಯಮವನ್ನು ಮಾತ್ರ ಈಗಿನಿಂದಲೇ ಪಾಲಿಸುತ್ತಿದೆ.

ಹಳೆ ಕಾರು ಇಟ್ಟವರಲ್ಲಿ ನನ್ನದೊಂದು ವಿನಂತಿ. ವೈರಿಗೆ ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಫ್ಯೂಜು ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಬೇಡಿ: ತಾನು ಕರಗಿ ವೈರು ಉಳಿಸುವುದೇ ಫ್ಯೂಜಿನ ಕೆಲಸ, ಕಾಗದ ಸುತ್ತಿದರೆ ಸುಡುವುದು ಸೀಟಿನ ಕೆಳಗಿನ ವೈರು. ಅಗ್ಗದ ಸಾಮಾನು, ನಾಲ್ಕು ತಂದು ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಳ್ಳಿ. ಇನ್ನು ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ, ದೀಪ ಕೂರುವ ಜಾಗಕ್ಕೆ ಬಣ್ಣ ಬೇಡವೆಂದು ಪೇಂಟರ್‌ಗೆ ಮೊದಲೇ ಹೇಳಿಬಿಡಿ.