ದೋಣಿಗೆ ಬಾಗಿಲು

"ದೋಣಿಗೆ ಬಾಗಿಲು ಇಡಿಸುವಾ ಅಂತಾನೆ ಮಾಸ್ತರೇ, ನಮ್ಮ ಮಗರಾಯ," ಅಂತ ತಾಂಡೇಲರು ಬೇಲಿಯ ದಾಸವಾಳದ ಟೊಂಗೆ ಸರಿಸಿ ಶುರುಮಾಡಿದರು. "ನನ್ನ ಅಪ್ಪ, ಅಜ್ಜ ಎಲ್ಲ ದೋಣಿಯಲ್ಲೇ ಮುದುಕರಾದವರು. ಬಾಗಿಲಿರುವ ದೋಣಿ ಯಾರೂ ಕಂಡವರಲ್ಲ."

ಜೂನ್-ಜುಲೈ ಎಂದರೆ ನಮ್ಮ ಹೊನ್ನಾವರದ ಕಡೆ ಹರಟೆಗೆ ಹೇಳಿ ಮಾಡಿಸಿದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳಿಗೆ ಕಡಲಿನ ಬಾಗಿಲು ಬಂದ್. ಬಲೆ ರಿಪೇರಿ ಮಾಡುವವರು ಬಲೆ ಹಿಡಿದು ಕೂರುತ್ತಾರೆ, ಉಳಿದವರು ಬೇಲಿ ಹಿಡಿದು ನಿಲ್ಲುತ್ತಾರೆ. ತಾಂಡೇಲರ ಅಂಗಳದಲ್ಲಿ ಹಳೇ ಫೈಬರ್ ದೋಣಿ ತೆಂಗಿನ ದಿಮ್ಮಿಗಳ ಮೇಲೆ ಟಾರ್ಪಾಲು ಹೊದ್ದುಕೊಂಡಿದೆ. ಬೀಡುಬಲೆಯ ಕಾಲ ಮುಗಿಯಿತು, ಇನ್ನು ಶರಾವತಿ ಅಳಿವೆಯಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತೇನೆ ಅಂತ ಮಗ ಹೊರಟಿದ್ದಾನೆ. ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಮೇಲೆ, ಕಾಂಡ್ಲಾವನದ ಮರದ ಸೇತುವೆ ಹೆಸರು ಮಾಡಿದ ಮೇಲೆ, ಜನ ಬರುತ್ತಲೇ ಇದ್ದಾರೆ. ಬಂದವರು ಸುಮ್ಮನೆ ದೋಣಿಯಲ್ಲಿ ಕೂತು ಹೋಗುವುದಿಲ್ಲ. ಲೈಫ್ ಜಾಕೆಟ್ ಹಾಕಿಸಿ, ನೀರಿಗಿಳಿಸಿ ಅಂತಾರೆ.

"ನೀರಿಗೆ ಬೀಳಬಾರದು ಅಂತಲೇ ಅಲ್ವೋ ದೋಣಿ ಮಾಡಿದ್ದು? ಬೀಳ್ಲಿಕ್ಕೆ ಬಾಗಿಲು ಬೇರೆ!"

ಮಾತು ಸುಳ್ಳಲ್ಲ. ಮೀನುಗಾರಿಕೆ ದೋಣಿಯ ಇಡೀ ಆಕಾರ ಇರುವುದು ನೀರು ಒಳಗೆ ಬರದಂತೆ, ಆಳು ಹೊರಗೆ ಹೋಗದಂತೆ ನೋಡಿಕೊಳ್ಳಲಿಕ್ಕೆ. ಅಂಚಿನ ಮೇಲಿಂದ ಒಳಗೆ ಬರುವುದೇನಿದ್ದರೂ ಬಲೆ ಮತ್ತು ಮೀನು, ಅದನ್ನು ಎಳೆಯಲಿಕ್ಕೆ ಮೇಲೆ ನಾಲ್ಕು ಜನ ಇದ್ದೇ ಇರುತ್ತಾರೆ. ನೀರಿನಲ್ಲಿರುವ ಮನುಷ್ಯ ತಾನಾಗಿ ಹೇಗೆ ಹತ್ತಿ ಬರಬೇಕು ಎನ್ನುವ ಪ್ರಶ್ನೆ ದೋಣಿ ಕಟ್ಟಿದವನ ತಲೆಯಲ್ಲೇ ಇರಲಿಲ್ಲ.

ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾದವರು ಹೋಗುತ್ತಾರಲ್ಲ, ಇಳಿಯುವಾಗ ಅವರಿಗೆ ಏನೂ ಬೇಡ. ಅಂಚಿನ ಮೇಲೆ ಕೂತು ಬೆನ್ನು ಮುಂದಾಗಿ ಉರುಳಿದರೆ ಮುಗಿಯಿತು. ಕಷ್ಟವೆಲ್ಲ ಹತ್ತುವಾಗ. ನೀರಿನಲ್ಲಿ ತೇಲುವಾಗ ಮೈಗೆ ಭಾರವೇ ಇಲ್ಲ. ಸೊಂಟ ಮೇಲೆ ಬಂತೋ, ಅಷ್ಟು ಹೊತ್ತು ನೀರು ಹೊತ್ತುಕೊಂಡಿದ್ದ ತೂಕವನ್ನೆಲ್ಲ ತೋಳಿಗೆ ವಾಪಸು ಕೊಡುತ್ತದೆ, ಒದ್ದೆ ಬಟ್ಟೆಯ ಬಡ್ಡಿ ಸಮೇತ. ಅಂಚನ್ನೇ ಹಿಡಿದು ಮೇಲೆ ಬರಲು ನೋಡಿದರೆ ಕಾಲು ದೋಣಿಯ ಹೊಟ್ಟೆಯಡಿಗೆ ಸರಿದು, ಮೈ ಹಿಂದಕ್ಕೆ ವಾಲುತ್ತದೆ. ಈಜು ಗೊತ್ತಿದ್ದವನೂ ಅಲ್ಲಿ ಸೋಲುತ್ತಾನೆ.

"ಅದಕ್ಕೇ ಏಣಿ ಉಂಟಲ್ಲ. ಮೊನ್ನೆ ಒಂದು ತಂದಿದ್ದಾನೆ, ಎರಡು ಮೆಟ್ಟಿಲಿನದು."

ಆ ಏಣಿಯನ್ನು ನಾನೂ ನೋಡಿದೆ. ತಳದ ಮೆಟ್ಟಿಲು ನೀರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದಕ್ಕೆ ಕಾಲು ಇಡಬೇಕಾದರೆ ಮಂಡಿಯನ್ನು ಎದೆವರೆಗೆ ತರಬೇಕು. ತಾಂಡೇಲರು ಒಪ್ಪಲಿಲ್ಲ, ತಮ್ಮ ಜಗಲಿಯ ಕಟ್ಟೆಗೆ ಹಾಗೇ ಕಾಲು ಎತ್ತಿ ನೋಡಿದರು, ಸೊಂಟ ಹಿಡಿದುಕೊಂಡು ಒಪ್ಪಿದರು. ಅಮೆರಿಕದಲ್ಲಿ ದೋಣಿ ಕಟ್ಟುವವರು ಪಾಲಿಸುವ ಮಾನದಂಡದಲ್ಲಿ ಏಣಿಯ ಕೊನೇ ಮೆಟ್ಟಿಲು ನೀರಿನ ಮಟ್ಟದಿಂದ 22 ಇಂಚಾದರೂ ಕೆಳಗಿರಬೇಕು. ಇನ್ನೊಂದು ಮಾತು, ಮಡಚಿಟ್ಟ ಏಣಿಯನ್ನು ನೀರಿನಲ್ಲಿದ್ದವನೇ ಕೈಚಾಚಿ ಬಿಡಿಸಿಕೊಳ್ಳುವ ಹಾಗಿರಬೇಕು. ದೋಣಿಯಲ್ಲಿ ಒಬ್ಬನೇ ಇದ್ದು, ಅವನೇ ಬಿದ್ದರೆ ಮೇಲಿಂದ ಏಣಿ ಇಳಿಸಲು ಯಾರು ಬರುತ್ತಾರೆ? ಡೈವಿಂಗ್ ದೋಣಿಗಳಲ್ಲಿ ಇನ್ನೂ ಒಂದು ಜಾತಿಯ ಏಣಿ ಉಂಟು: ನಡುವೆ ಒಂದೇ ಪೈಪು, ಎರಡು ಬದಿಗೆ ಮೆಟ್ಟಿಲು, ಹೊರಗಡೆ ಖಾಲಿ. ಕಾಲಿನ ರೆಕ್ಕೆ ಬಿಚ್ಚದೆಯೇ ಹತ್ತಬಹುದು. ನನಗೆ ಮೆಚ್ಚಿಕೆಯಾದದ್ದು ಅದೇ.

ಇನ್ನು ಬಾಗಿಲು. ಪಕ್ಕದ ಗೋಡೆ ಕತ್ತರಿಸುವುದೆಂದರೆ ಎರಡು ತಾಸಿನ ಕೆಲಸ, ಗ್ರೈಂಡರ್ ಇದ್ದರೆ. ಆದರೆ ಫೈಬರ್ ದೋಣಿ ಬಿಗಿಯಾಗಿ ನಿಂತಿರುವುದೇ ಮೇಲಿನ ಅಂಚಿನ ಪಟ್ಟಿಯಿಂದ. ಅದನ್ನು ತುಂಡು ಮಾಡಿದರೆ ಅಲೆಗೆ ಗೋಡೆ ತೂಗಾಡಲಿಕ್ಕೆ ಶುರು. ಸುತ್ತ ಚೌಕಟ್ಟು ಕಟ್ಟಿ, ಪದರದ ಮೇಲೆ ಪದರ ಮ್ಯಾಟ್ ಹಾಕಿ ಬಲ ಕೊಡಬೇಕು. ಹೊಸಿಲು ಎಲ್ಲರೂ ಒಂದೇ ಬದಿಗೆ ಬಂದು ನಿಂತಾಗಲೂ ನೀರಿಗಿಂತ ಮೇಲಿರಬೇಕು. ಪ್ರವಾಸಿಗರು ಎಂದರೆ ಗೊತ್ತಲ್ಲ, ಡಾಲ್ಫಿನ್ ಅಂತ ಒಬ್ಬ ಕೂಗಿದರೆ ಎಲ್ಲರೂ ಅದೇ ಬದಿಗೆ.

ಹಿಂಭಾಗದಲ್ಲಿ ಹಲಗೆ ಚಾಚಿಸಿ ಅಲ್ಲಿಗೇ ಏಣಿ ಕೂರಿಸುವುದು ವಾಸಿ. ಅದಕ್ಕೂ ಲೆಕ್ಕ ಉಂಟು. ಎಂಜಿನ್ ಭಾರ ಮೊದಲೇ ಅಲ್ಲಿದೆ, ಅದರ ಮೇಲೆ ಹಲಗೆ, ಹಲಗೆ ಮೇಲೆ ಮೂವರು ಕೂತರೆ ಎಂಜಿನ್ ಕೂರುವ ತಗ್ಗಿನಿಂದ ನೀರು ಒಳಗೆ. ಹಾಗಾಗಿ ಬ್ಯಾಟರಿ, ಎಣ್ಣೆ ಟ್ಯಾಂಕು ಮುಂದಕ್ಕೆ ಹೋಗಬೇಕು.

ಮಾತಿನ ಮಧ್ಯೆ ತಾಂಡೇಲರು ಸ್ಕ್ರೂಡ್ರೈವರಿನ ಹಿಡಿಯಿಂದ ದೋಣಿಯ ಹಿಂಬದಿ ಗೋಡೆ ತಟ್ಟುತ್ತಾ ಹೋದರು. ಬಲಗಡೆ ಟಕ್ ಟಕ್. ಎಂಜಿನ್ ಬೋಲ್ಟಿನ ಹತ್ತಿರ ಬಂದಾಗ ದಬ್. ಹಲಸಿನ ಹಣ್ಣು ತಟ್ಟಿದ ಹಾಗೆ. ಇಬ್ಬರೂ ಮುಖ ನೋಡಿಕೊಂಡೆವು. ಈ ಗೋಡೆಯೊಳಗೆ ಫೈಬರಿನ ಎರಡು ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಎಂದೋ ಕೊರೆದ ತೂತಿನಿಂದ ನೀರು ಇಳಿದು, ಮರ ಒಳಗೊಳಗೇ ಕೊಳೆತಿರುತ್ತದೆ, ಹೊರಗೆ ಬಣ್ಣ ಮಾತ್ರ ಲಕಲಕ. ಅಂಥ ಗೋಡೆಗೆ ಏಣಿ ಕಟ್ಟಿದರೆ ಏಣಿ ಹಿಡಿದವನ ಕೈಗೇ ಬರುತ್ತದೆ. ಕೊಳೆತದ್ದನ್ನು ತೆಗೆದು ಹೊಸದಾಗಿ ಕಟ್ಟಿದ ಮೇಲೆಯೇ ಮುಂದಿನ ಮಾತು. ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆದರೆ ನೀರು ಮರ ಮುಟ್ಟುವುದಿಲ್ಲ. ಒಳಬದಿಗೆ ಅಗಲವಾದ ಪಟ್ಟಿ ಕೊಟ್ಟು ಬೋಲ್ಟು ಬಿಗಿಯಬೇಕು, ಬರೀ ಸ್ಕ್ರೂ ನಂಬಬಾರದು. ಇದೆಲ್ಲ ಈ ಮಳೆಯಲ್ಲಿ ಆಗುವುದಲ್ಲ. ತೇವ ಹಿಡಿದ ಮರಕ್ಕೆ ರೆಸಿನ್ ಕಚ್ಚುವುದಿಲ್ಲ.

"ಹಲಗೆ ಇಡುವುದಾದರೆ ಜನ ನೀರಲ್ಲಿ ಇರುವಷ್ಟು ಹೊತ್ತೂ ಎಂಜಿನ್ ಬಂದ್," ಅಂದೆ. ನ್ಯೂಟ್ರಲ್ ಇದ್ದರೆ ಸಾಕು ಅನ್ನುವವರು ಇದ್ದಾರೆ. ನ್ಯೂಟ್ರಲ್‌ನಲ್ಲೂ ಕೆಲವೊಮ್ಮೆ ಫ್ಯಾನು ತಿರುಗುತ್ತದೆ, ಹೊಗೆಯಂತೂ ಇದ್ದೇ ಇದೆ. ಅಮೆರಿಕದ ಪೋವೆಲ್ ಸರೋವರದಲ್ಲಿ 2000ದ ಆಗಸ್ಟಿನಲ್ಲಿ ಇಬ್ಬರು ಅಣ್ಣತಮ್ಮಂದಿರು, ಚಿಕ್ಕ ಹುಡುಗರು, ಹೌಸ್‌ಬೋಟಿನ ಹಿಂದೆ ಈಜುತ್ತಾ ಸತ್ತರು. ಈಜುಹಲಗೆಯ ಕೆಳಗಿನ ಖಾಲಿ ಜಾಗದಲ್ಲಿ ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ. ತಾಂಡೇಲರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಲಗೆಯಡಿ ಮುಚ್ಚಿಗೆ ಬೇಡ ಹಾಗಾದರೆ, ಗಾಳಿಯಾಡಲಿ," ಅಂದರು. ಕಡಲು ಕಂಡವರ ಬುದ್ಧಿ ಅದು.

ಅಷ್ಟರಲ್ಲಿ ಮಗ ಬೈಕಿನಿಂದ ಇಳಿದ, ಮೊಬೈಲಿನಲ್ಲಿ ವೆಲ್ಡಿಂಗಿನವನ ಎಸ್ಟಿಮೇಟು. ಸ್ಟೇನ್‌ಲೆಸ್ ಪೈಪು, 304.

"316 ಹಾಕಿಸು ತಮ್ಮಾ, ಅದರಲ್ಲಿ ಮಾಲಿಬ್ಡಿನಂ ಇರ್ತದೆ, ಉಪ್ಪುನೀರಿಗೆ ತಡೀತದೆ. 304 ಅಳಿವೆಯಲ್ಲಿ ಬೇಗ ಚುಕ್ಕೆ ಬೀಳ್ತದೆ."

"316ಕ್ಕೂ 304ಕ್ಕೂ ಹನ್ನೆರಡೇ ಅಲ್ವೋ ವ್ಯತ್ಯಾಸ?" ತಾಂಡೇಲರು ಉದಾರವಾಗಿ ಕೈ ಬೀಸಿದರು. "ಕೊಟ್ಟುಬಿಡು."

ಮಗ ರೇಟು ಹೇಳಿದ. ತಾಂಡೇಲರು ಬೇಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಹೋದರು.

"ಒಂದೊಂದಕ್ಕೆ ಇಷ್ಟು ಅಂತಾದ್ರೆ, ಮಾರಾಯ, ಮಧ್ಯ 310 ಅಂತ ಯಾವ್ದಾದ್ರೂ ಉಂಟಾ ಕೇಳು."