ಹಾಲುಕುಲಿಕೆಯ ವ್ಯಾಕರಣ

ತೆಂಗು ಬೆಳೆಯುವವನಿಗೆ ಇರುವಷ್ಟು ಬಿಡುವು ರಾಗಿ ಬೆಳೆಯುವವನಿಗಿಲ್ಲ. ಅದರಲ್ಲೂ ನಮ್ಮ ತಿಪಟೂರು ಸೀಮೆಯಲ್ಲಿ ಕಾಯಿ ಕಿತ್ತು ಅಟ್ಟಕ್ಕೆ ಏರಿಸಿಬಿಟ್ಟರೆ, ಅದು ಒಳಗೊಳಗೇ ನೀರು ಬತ್ತಿ, ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುವ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಕೊಬ್ಬರಿ ಮೇಲೆ ಒಣಗುತ್ತಿರುವಾಗ ಯಜಮಾನ ಕೆಳಗೆ ಕೂತು ಏನು ಮಾಡಬೇಕು? ಕೆಲವರು ಇಸ್ಪೀಟು ಹಿಡಿಯುತ್ತಾರೆ. ಕೆಲವರು ಅಣ್ಣತಮ್ಮಂದಿರ ಮೇಲೆ ಪಾಲಿನ ದಾವೆ ಹೂಡುತ್ತಾರೆ. ನಾನು ಹವಾಯಿ ಭಾಷೆ ಕಲಿಯಲು ಕೂತೆ. ಭಾಷೆ ಕಲಿಸುವ ಡುಯೊಲಿಂಗೊ ಆ್ಯಪಿನಲ್ಲಿ 2018ರಿಂದ ಅದರ ಪಾಠವಿದೆ, ದುಡ್ಡು ಕೊಡಬೇಕಾಗಿಲ್ಲ. ದಾವೆಗಿಂತ ಅಗ್ಗ.

ಹವಾಯಿಯೂ ತೆಂಗಿನ ನಾಡೇ. ತೆಂಗಿಗೆ ಅಲ್ಲಿ ‘ನಿಯು’ ಅನ್ನುತ್ತಾರೆ. ಚಿಪ್ಪಿಗೆ ‘ಪೂನಿಯು’, ಮನುಷ್ಯನ ತಲೆಬುರುಡೆಗೂ ಅದೇ ಹೆಸರು. ಈ ಎರಡು ಬುರುಡೆಗಳು ಡಿಕ್ಕಿ ಹೊಡೆದಾವೆಂಬ ಭಯ ಅವರಿಗೆ ಬಹಳ. ವೈಕೀಕಿ ಕಡಲತೀರದಲ್ಲಿ ಸಾಲು ಸಾಲು ತೆಂಗಿನ ಮರಗಳಿವೆ, ಆದರೆ ಕಾಯಿ ಪ್ರವಾಸಿಗರ ತಲೆ ಮೇಲೆ ಬಿದ್ದರೆ ಪರಿಹಾರ ಕಟ್ಟಿಕೊಡಬೇಕಾದೀತೆಂದು ಬಲಿಯುವ ಮುಂಚೆಯೇ ಗೊನೆ ಕತ್ತರಿಸಿ ಹಾಕುತ್ತಾರೆ. ಇದನ್ನು ನಮ್ಮ ತೋಟದಲ್ಲಿ ಕಾಯಿ ಸುಲಿಯುತ್ತಿದ್ದವನಿಗೆ ಹೇಳಿದೆ. ಅವನು ಕೈಲಿದ್ದ ಕಾಯಿ ಕೆಳಗಿಟ್ಟು, “ಮರ ಇಟ್ಕಂಡು ಕಾಯಿ ಬ್ಯಾಡ ಅಂತಾರಾ? ಅವ್ರಿಗೆ ಬುದ್ಧಿ ಹೇಳೋ ಹಿರೇರು ಯಾರೂ ಇಲ್ವೇನಣ್ಣ?” ಅಂದ.

ಹಿರಿಯರು ಇದ್ದರು. ಆದರೆ ಅವರ ಭಾಷೆಯನ್ನು ಬರಹಕ್ಕಿಳಿಸಿದವರು ಹೊರಗಿನಿಂದ ಹೋದ ಮಿಷನರಿಗಳು. 1826ರಲ್ಲಿ ಆ ಮಿಷನರಿಗಳು ಯಾವ ಅಕ್ಷರ ಇರಬೇಕು, ಯಾವುದು ಹೋಗಬೇಕು ಎಂದು ಮತ ಹಾಕಿ ತೀರ್ಮಾನಿಸಿದರು. ಕಕಾರದ ಎದುರು ತಕಾರ, ಲಕಾರದ ಎದುರು ರಕಾರ, ಪಕಾರದ ಎದುರು ಬಕಾರ ಸೋತವು. ಗೆದ್ದು ಉಳಿದದ್ದು ಐದು ಸ್ವರ, ಏಳು ವ್ಯಂಜನ. ಗಂಟಲಲ್ಲಿ ಉಸಿರನ್ನು ಗಕ್ಕನೆ ಹಿಡಿದು ಬಿಡುವ ‘ಒಕಿನ’ವೂ ಈಗ ವ್ಯಂಜನದ ಲೆಕ್ಕಕ್ಕೇ ಸೇರಿ ಒಟ್ಟು 13. ನಮ್ಮ ಶಾಲೆಯ ವರ್ಣಮಾಲೆಯಲ್ಲಿ ಬರೀ ಸ್ವರಗಳೇ 13!

ಅಕ್ಷರ ಕಡಿಮೆಯಾದರೂ ನಿಯಮ ಬಿಗಿ. ಪದ ಸ್ವರದಲ್ಲೇ ಮುಗಿಯಬೇಕು, ಒತ್ತಕ್ಷರದ ಮಾತೇ ಇಲ್ಲ. ಕ್ರಿಸ್‌ಮಸ್ ಅಲ್ಲಿಗೆ ಹೋಗಿ ‘ಕಲಿಕಿಮಕ’ ಆಯಿತು. ಕಾರನ್ನು ಕಾರು, ಬಸ್ಸನ್ನು ಬಸ್ಸು ಮಾಡಿಕೊಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕುತೂಹಲಕ್ಕೆ ನಮ್ಮ ಸೀಮೆಯ ಊರುಗಳನ್ನೆಲ್ಲ ಒಂದೊಂದಾಗಿ ಆ ಜರಡಿಗೆ ಹಾಕಿ ನೋಡಿದೆ. ತಿಪಟೂರು ‘ಕಿಪಕೂಲು’ ಆಗಿ ಗುರುತು ಸಿಗದಂತಾಯಿತು. ತುರುವೇಕೆರೆ ‘ಕುಲುವೇಕೆಲೆ’. ಚಿಕ್ಕನಾಯಕನಹಳ್ಳಿಯಂತೂ ‘ಕಿಕನಾಯಕನಹಲಿ’ ಎಂದು ಹಲ್ಲುದುರಿದ ಅಜ್ಜಿಯ ಬಾಯಿಂದ ಬಿದ್ದಂತಾಯಿತು. ಹಾಲ್ಕುರಿಕೆ ಮಾತ್ರ ‘ಹಾಲುಕುಲಿಕೆ’ ಆಗಿ ಹೆಚ್ಚು ಪೆಟ್ಟಾಗದೆ ಹೊರಬಂತು. ತಾಲ್ಲೂಕು ಕೇಂದ್ರಗಳಿಗಿಲ್ಲದ ಈ ಯೋಗ್ಯತೆ ನಮ್ಮೂರಿಗೆ ಇರುವುದನ್ನು ಸರ್ಕಾರ ಇನ್ನೂ ಗಮನಿಸಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಸ್ವರಗಳಿಂದ. ಎರಡು ಸ್ವರ ಎದುರುಬದುರಾದರೆ ನಡುವೆ ಯಕಾರವನ್ನೋ ವಕಾರವನ್ನೋ ಕೂರಿಸಬೇಕೆಂದು ನಮ್ಮ ಕನ್ನಡ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಹವಾಯಿಯವರು ಮೂರು ಸ್ವರಗಳನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ಸುಮ್ಮನಿರುತ್ತಾರೆ. ‘ಪೌ’ ಅಂದರೆ ಮುಗಿಯಿತು. ನಡುವೆ ಗಂಟಲು ಹಿಡಿದು ‘ಪʼಉ’ ಅಂದರೆ ಮಸಿ. ಎರಡೂ ಸ್ವರ ಎಳೆದು ‘ಪಾʼಊ’ ಅಂದರೆ ಲಂಗ. ‘ನೀನು ಬಿಟ್ಟು ನಾವಿಬ್ಬರು’ ಅನ್ನಲು ‘ಮಾಉಅ’ ಎನ್ನಬೇಕು. ನನ್ನ ನಾಲಿಗೆ ಮೇಷ್ಟ್ರನ್ನು ನೆನೆದು ಅದಕ್ಕೆ ಆಗಮ ಸಂಧಿ ಮಾಡಿ ‘ಮಾವ’ ಎನ್ನುತ್ತದೆ. ಅಡುಗೆಮನೆಯಿಂದ ಹೆಂಡತಿ, “ಏನ್ರೀ ಅದು, ಸಂಜೆಯಿಂದ ನಮ್ಮಪ್ಪನ ಜಪ?” ಅನ್ನುತ್ತಾಳೆ.

ವಾಕ್ಯಕ್ಕೆ ಬಂದರೆ ಅಲ್ಲಿ ಕ್ರಿಯಾಪದ ಮೊದಲು. ‘ಉಅ ʼಐ ಔ ಇ ಕ ನಿಯು’: ತಿಂದೆ, ನಾನು, ತೆಂಗಿನಕಾಯಿಯನ್ನು. ಇದರ ಉಪಯೋಗ ಹೊಳೆದದ್ದು ಕೊಬ್ಬರಿ ಹರಾಜಿನ ದಿನ. ನಮ್ಮ ದಲಾಲಿ, “ಮಾಲು ಚೆನ್ನಾಗೈತೆ, ಬಣ್ಣ ಚೆನ್ನಾಗೈತೆ, ಗಾತ್ರಾನೂ ಐತೆ, ಆದ್ರೆ ಸ್ವಾಮಿ, ಉತ್ತರದ ಕಡೆಯಿಂದ ಬೇಡಿಕೆ ಬರ್ದೆ ಈ ವಾರ ರೇಟು...” ಎಂದು ಎಳೆದು, ಕೊನೆಗೆ “ಬಿದ್ದೋಗೈತೆ” ಅಂದ. ಅಷ್ಟೂ ಹೊತ್ತು ಎದೆ ಡವಡವ. ಹವಾಯಿಯ ದಲಾಲಿ ಆಗಿದ್ದರೆ ‘ಉಅ ಹಾʼಉಲೆ’, ಬಿತ್ತು, ಎಂದೇ ಶುರು ಮಾಡುತ್ತಿದ್ದ. ಬಿದ್ದದ್ದು ರೇಟೋ ಮರವೋ ಎಂದು ಆಮೇಲೆ ಸಮಾಧಾನವಾಗಿ ಕೇಳಿಸಿಕೊಳ್ಳಬಹುದಿತ್ತು.

ನಮ್ಮ ಸೀಮೆಗೆಂದೇ ಹೇಳಿ ಮಾಡಿಸಿದ ಪಾಠವೆಂದರೆ ‘ನನ್ನ’ ಅನ್ನುವುದರದ್ದು. ಅದಕ್ಕೆ ಅಲ್ಲಿ ಎರಡು ರೂಪ. ಅಪ್ಪ ಅಮ್ಮ, ಒಡಹುಟ್ಟಿದವರು, ಮೈಕೈ, ಭೂಮಿ, ಹೀಗೆ ತಾವಾಗಿ ಬಂದವಕ್ಕೆ ‘ಕೊʼಉ’. ಮಾಡಿದ ಕೆಲಸ, ಉಣ್ಣುವ ಊಟ, ಹೆತ್ತ ಮಕ್ಕಳು, ಇಂಥವಕ್ಕೆ ‘ಕʼಉ’. ಇಂಗ್ಲಿಷ್ ಪುಸ್ತಕಗಳು ಇದನ್ನು ವಿವರಿಸಲು ಪುಟಗಟ್ಟಲೆ ಒದ್ದಾಡುತ್ತವೆ. ಕೋರ್ಟಿನ ಮೆಟ್ಟಿಲು ಹತ್ತಿದ ತೆಂಗು ಬೆಳೆಗಾರನಿಗೆ ಎರಡು ಪದ ಸಾಕು: ಪಿತ್ರಾರ್ಜಿತ, ಸ್ವಯಾರ್ಜಿತ. ಒಂದೇ ತಕರಾರು ಮನೆಯದು. ಸ್ವಂತ ದುಡ್ಡಲ್ಲಿ ಕಟ್ಟಿಸಿದರೂ ಅದು ‘ಕೊʼಉ’ ಗುಂಪಿಗೇ ಸೇರುತ್ತದೆ, ಯಾಕೆಂದರೆ ನಿಮ್ಮನ್ನು ಒಳಗಿಟ್ಟುಕೊಂಡು ಕಾಯುವುದು ಅದು. ತೊಡುವ ಬಟ್ಟೆ, ಏರುವ ದೋಣಿಗೂ ಅದೇ ಕಾನೂನು. ಹೆಂಡತಿ ಮಾತ್ರ ‘ಕʼಉ’, ಊಟದ ಸಾಲಿನಲ್ಲಿ. ಇದನ್ನು ನಾನು ಮನೆಯಲ್ಲಿ ಹೇಳಬಾರದಿತ್ತೋ ಏನೋ. “ಗಂಡ ಯಾವುದ್ರಲ್ಲಿ ಬರ್ತಾನೆ?” ಎಂದಳು. ಅದೂ ‘ಕʼಉ’ ಎಂದೆ. “ಸರಿ ಬಿಡಿ, ಸಂಪಾದನೆ ಅಂದ್ಮೇಲೆ ಮಾರಬೌದು” ಎಂದು ಒಗ್ಗರಣೆ ಹಾಕಿದಳು.

ಇಷ್ಟು ಚೆಂದದ ಭಾಷೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಹವಾಯಿಯ ರಾಣಿಯನ್ನು 1893ರಲ್ಲಿ ಗದ್ದುಗೆಯಿಂದ ಇಳಿಸಿದ ಮೇಲೆ, 1896ರ ಕಾಯಿದೆ ಶಾಲೆಗಳಲ್ಲಿ ಇಂಗ್ಲಿಷನ್ನೇ ಮಾಧ್ಯಮ ಮಾಡಿತು. ಎರಡು ಮೂರು ತಲೆಮಾರಿನಲ್ಲಿ ಮಕ್ಕಳ ಬಾಯಿಂದ ಅದು ಇಳಿದುಹೋಯಿತು. 1978ರಲ್ಲಿ ರಾಜ್ಯದ ಅಧಿಕೃತ ಭಾಷೆಯಾಯಿತು; 1984ರಲ್ಲಿ ಕೌವಾಯಿ ದ್ವೀಪದಲ್ಲಿ ‘ಪೂನನ ಲೆಯೊ’ ಎಂಬ ಶಿಶುವಿಹಾರ ತೆರೆದು, ಪುಟ್ಟ ಮಕ್ಕಳೊಡನೆ ಬರೀ ಹವಾಯಿಯಲ್ಲೇ ಮಾತಾಡಿ ಮತ್ತೆ ಬೆಳೆಸಿದರು. ನಮ್ಮೂರಿಂದ ದಿನಾ ಬೆಳಿಗ್ಗೆ ಹೊರಡುವ ಇಂಗ್ಲಿಷ್ ಮೀಡಿಯಂ ವ್ಯಾನಿಗೆ ಯಾವ ಕಾಯಿದೆಯೂ ಬೇಕಾಗಲಿಲ್ಲ. ನಾವೇ ಫೀಸು ಕಟ್ಟಿ ಹತ್ತಿಸುತ್ತಿದ್ದೇವೆ.

ಈ ‘ನಾವು’ ಇದೆಯಲ್ಲ, ಅದು ಕನ್ನಡದ ದೊಡ್ಡ ಪೊದೆ. ಯಾರು ಬೇಕಾದರೂ ಅದರ ಹಿಂದೆ ಅಡಗಬಹುದು. ತುಳುವಿನವರಿಗೆ ‘ನಮ’ ಬೇರೆ, ‘ಎಂಕುಲು’ ಬೇರೆ. ತೆಲುಗಿನವರಿಗೆ ‘ಮನಮು’ ಬೇರೆ, ‘ಮೇಮು’ ಬೇರೆ. ಹವಾಯಿಯಲ್ಲಿ ಕೇಳುವವನೂ ಸೇರಿದ ನಾವು ‘ಕಾಕೌ’, ಅವನನ್ನು ಬಿಟ್ಟ ನಾವು ‘ಮಾಕೌ’. ಇಬ್ಬರೇ ಇದ್ದರೆ ಅದಕ್ಕೂ ಬೇರೆ ಜೋಡಿ. “ಕೆರೆ ಹೂಳು ನಾವು ತೆಗೀಬೇಕು” ಎಂದು ನಮ್ಮಲ್ಲಿ ಸಭೆ ಒಪ್ಪಿದ್ದುಂಟು, ಹಾರೆ ಗುದ್ದಲಿ ತಂದವರು ಮಾತ್ರ ಇಲ್ಲ. ಎಲ್ಲರೂ ಅದನ್ನು ಮಾಕೌ ಎಂದೇ ಕೇಳಿಸಿಕೊಂಡಿರುತ್ತಾರೆ, ಆ ಮಾಕೌದಲ್ಲಿ ತಾವಿಲ್ಲ ಎಂದು. ಇದನ್ನೆಲ್ಲ ಹೋಟೆಲಿನಲ್ಲಿ ಕೂತು ವಿವರಿಸಿ, ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಾದರೂ ಕಾಕೌ, ಮಾಕೌ ಬೇರೆ ಬೇರೆ ಬರೆಯಬೇಕೆಂದು ಸೂಚಿಸಿದೆ.

ಹಿರಿಯರೊಬ್ಬರು ತಲೆಯಾಡಿಸಿದರು. “ಬ್ಯಾಡ ಕಣಪ್ಪ. ಒಂದೇ ನಾವು ಇರೋದ್ರಿಂದ ಊರು ಹೆಂಗೋ ನಡೀತೈತೆ. ಎರಡು ಮಾಡಿದ್ರೆ ಯಾರು ಒಳಗೆ, ಯಾರು ಹೊರಗೆ ಅಂತ ಗೊತ್ತಾಗೋಗ್ತೈತೆ.” ನಾನು ಉತ್ತರ ಹುಡುಕುತ್ತಿದ್ದಾಗ ಪಕ್ಕದಲ್ಲಿದ್ದವನು, “ಇರ್ಲಿ, ಟೀ ದುಡ್ಡು ನಾವು ಕೊಡ್ತೀವಿ” ಎಂದು ಎದ್ದ. ಅವನ ಹಿಂದೆ ಎಲ್ಲರೂ ಎದ್ದು ಹೋದ ಮೇಲೆ ಅದು ಯಾವ ನಾವು ಎಂದು ಹೋಟೆಲಿನವನು ನನಗೆ ಲೆಕ್ಕ ಸಮೇತ ತಿಳಿಸಿದ.